ಅಪ್ಪನ ಎಡೆಗೆ ಬಂದ ಗಿಣಿಗಳು

ಬಯಲಲ್ಲಿ ಕೂತು ಉಣ್ಣುವ ಮನುಷ್ಯನಿಗೆ ಸೃಷ್ಟಿಯೊಡನೆ ಕಡಿದುಹೋದ ನಂಟು ಮತ್ತೆ ಕೂಡಿಕೊಳ್ಳುತ್ತದೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಮನೆಯೊಳಗೆ ಕೂತು ಉಣ್ಣುತ್ತಿರಬೇಕು. ನಾನು ಮೂರು ವರ್ಷದಿಂದ ಬಯಲಲ್ಲಿ ಕೂತು ತಿಂಡಿ ತಿನ್ನುತ್ತಿದ್ದೇನೆ. ನಂಟು ಕೂಡಿಕೊಂಡದ್ದು ನಿಜ. ಆದರೆ ಅದು ಬೀಗರ ನಂಟು: ಹೇಳದೆ ಬರುವವರು ಅವರೇ, ಮೊದಲು ಉಣ್ಣುವವರು ಅವರೇ, ಏನೂ ಸರಿಯಿರಲಿಲ್ಲ ಎಂದು ಕೂಗಾಡಿಕೊಂಡು ಹೋಗುವವರೂ ಅವರೇ.

ಮಳವಳ್ಳಿಯಿಂದ ಪೂರಿಗಾಲಿಗೆ ಹೋಗುವ ದಾರಿಯಲ್ಲಿ ನಮ್ಮದು ಎರಡು ಎಕರೆ ಹೊಲ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಲೆ ಅಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡು ನಾನೂ ನನ್ನ ಹೆಂಡತಿಯೂ ಇದ್ದೇವೆ. ಮನೆ ಮುಂದೆ ಒಂದು ಹೊಂಗೆಮರ, ಮರದ ಕೆಳಗೆ ಉದ್ದನೆಯ ಒಂದು ಚಪ್ಪಡಿ ಕಲ್ಲು. ಆ ಕಲ್ಲಿನ ಮೇಲೆ ಕೂತು ಬೆಳಗಿನ ತಿಂಡಿ ತಿನ್ನಬೇಕೆಂದು ಸರ್ವಿಸಿನಲ್ಲಿದ್ದಾಗಲೇ ತೀರ್ಮಾನ ಮಾಡಿಕೊಂಡಿದ್ದೆ. ಬೆಲ್ಲು ಹೊಡೆದುಬಿಡುತ್ತದೆಂಬ ಭಯದಲ್ಲಿ ಅಷ್ಟೂ ವರ್ಷ ನಿಂತುಕೊಂಡೇ ಇಡ್ಲಿ ನುಂಗಿದವನು ನಾನು. ಉಳಿದ ಆಯುಷ್ಯದಲ್ಲಿ ಕೂತು, ಅಗಿದು, ಆಕಾಶ ನೋಡಿಕೊಂಡು ತಿನ್ನುವುದು ನನ್ನ ಹಕ್ಕೆಂದು ಭಾವಿಸಿದ್ದೆ. ಹಕ್ಕುಗಳ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಗಿಣಿಗಳು ಆ ಪಾಠಕ್ಕೆ ಬಂದಿರಲಿಲ್ಲ.

ಗಿಣಿಗಳಲ್ಲಿ ಮೊದಲು ಬಂದದ್ದು ಒಂದೇ, ಈ ವರ್ಷದ ಬೇಸಿಗೆಯ ಮೊದಲಲ್ಲಿ. ಆವತ್ತು ಚಿತ್ರಾನ್ನ. ತಟ್ಟೆಯನ್ನು ಕಲ್ಲಿನ ಮೇಲಿಟ್ಟು ನೀರಿನ ಚೊಂಬು ತರಲು ಒಳಗೆ ಹೋಗಿದ್ದೆ. ಬಂದು ನೋಡಿದರೆ ತಟ್ಟೆಯ ಅಂಚಿನ ಮೇಲೆ ಹಸಿರು ಕೋಟು ಹಾಕಿಕೊಂಡ ಒಂದು ಗಿಣಿ, ಕೆಂಪು ಕೊಕ್ಕು ಬಗ್ಗಿಸಿ, ಪರೀಕ್ಷಾ ಕೊಠಡಿಗೆ ಬಂದ ಇನ್ಸ್‌ಪೆಕ್ಟರಂತೆ ಅನ್ನವನ್ನು ಆ ಕಡೆ ಈ ಕಡೆ ಸರಿಸಿ ಕಡಲೆಬೀಜ ಆರಿಸುತ್ತಿತ್ತು. ಒಂದು ಬೀಜವನ್ನು ಕಾಲಲ್ಲಿ ಹಿಡಿದು, ಅರ್ಧ ಕಚ್ಚಿ, ಉಳಿದರ್ಧವನ್ನು ನೆಲಕ್ಕೆ ಹಾಕಿ, ಇನ್ನೊಂದಕ್ಕೆ ಕೊಕ್ಕು ಹಾಕಿತು. ನಾನು ಚಪ್ಪಾಳೆ ತಟ್ಟಿದೆ. ಅದು ನನ್ನ ಕಡೆ ಒಂದು ಕಣ್ಣಲ್ಲಿ ನೋಡಿತು. ಎರಡು ಕಣ್ಣಲ್ಲಿ ನೋಡುವಷ್ಟು ದೊಡ್ಡ ವಿಷಯ ಅದಕ್ಕೆ ಕಂಡಿರಲಿಕ್ಕಿಲ್ಲ.

ಮಾರನೆಯ ದಿನ ಮೂರು ಬಂದವು. ವಾರ ಕಳೆಯುವುದರೊಳಗೆ ಹನ್ನೊಂದು. ಎಣಿಸುವುದು ಮೇಷ್ಟ್ರಾದವನಿಗೆ ಬಿಡದ ಚಾಳಿ, ದಿನಾ ಹಾಜರಿ ತೆಗೆದುಕೊಳ್ಳುತ್ತಿದ್ದೆ. ಗೈರುಹಾಜರಿ ಇರುತ್ತಿರಲಿಲ್ಲ. ನಾನು ಕಲ್ಲಿನ ಮೇಲೆ ಕೂತಿರುವಾಗಲೇ ಅವು ಇಳಿಯತೊಡಗಿದವು. ಉಪ್ಪಿಟ್ಟಿನಲ್ಲಿ ಕಡಲೆಬೇಳೆ ಅವುಗಳ ಪಾಲು. ದೋಸೆ ಇದ್ದ ದಿನ ಚಟ್ನಿಗೆ ಕೊಕ್ಕು ಹಾಕಿ ತಲೆ ಕೊಡವಿ ನನ್ನ ಕನ್ನಡಕಕ್ಕೆ ಸಿಡಿಸುತ್ತಿದ್ದವು. ಒಗ್ಗರಣೆಯ ಒಣಮೆಣಸಿನಕಾಯಿಯನ್ನಂತೂ ಬೆರಳ ಸಂದಿಯಿಂದಲೇ ಎಳೆದುಕೊಂಡು ಹೋದದ್ದುಂಟು.

ನಾನು ಸುಮ್ಮನೆ ಕೂತವನಲ್ಲ. ಮರಕ್ಕೆ ಹಳೆಯ ಸೀಡಿಗಳನ್ನು ಕಟ್ಟಿ ತೂಗಾಡಿಸಿದೆ. ಬಿಸಿಲಿಗೆ ಅವು ಫಳಫಳ ಹೊಳೆದು ನನ್ನ ಕಣ್ಣಿಗೇ ಹೊಡೆದವು. ಗಿಣಿಗಳು ಅವುಗಳಲ್ಲಿ ಮುಖ ನೋಡಿಕೊಂಡವು. ನನ್ನ ಹಳೆಯ ಶರಟು ಪ್ಯಾಂಟು ತೊಡಿಸಿ ಒಂದು ಬೆದರುಬೊಂಬೆ ನಿಲ್ಲಿಸಿದೆ. ಸಂಜೆಯೊಳಗೆ ಅದರ ಹೆಗಲ ಮೇಲೆ ಎರಡು ಕೂತಿದ್ದವು.

ಹೆಂಡತಿ ಅಡುಗೆಮನೆ ಕಿಟಕಿಯಿಂದಲೇ ಹೇಳಿದಳು: "ನಿಮ್ಮ ಶರ್ಟು ಹಾಕಿದ್ರೆ ಯಾರ್ ಹೆದರ್ತಾರ್ರೀ. ಅದ್ನ ಹಾಕ್ಕೊಂಡು ಕ್ಲಾಸಿಗೆ ಹೋದಾಗ ಹುಡುಗ್ರೇ ಹೆದರ್ತಿರಲಿಲ್ಲ."

"ಒಳಗ್ ಕೂತ್ಕೊಂಡ್ ತಿನ್ನಿ" ಎಂದು ಅವಳು ನೂರು ಸಲ ಹೇಳಿರಬೇಕು. ಆದರೆ ಇಷ್ಟು ಹೊತ್ತಿಗೆ ವಿಷಯ ತಿಂಡಿಯದ್ದಾಗಿ ಉಳಿದಿರಲಿಲ್ಲ. ಕೊನೆಗೆ, ಇತಿಹಾಸದಲ್ಲಿ ಸೋಲುವ ಎಲ್ಲ ರಾಜರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಕಪ್ಪ ಕೊಟ್ಟೆ. ಕಲ್ಲಿನ ಆ ತುದಿಯಲ್ಲಿ ದಿನಾ ಎಂಟು ಗಂಟೆಗೆ ಒಂದು ಹಿಡಿ ಕಡಲೆಬೀಜ ಅವಕ್ಕೆ, ಈ ತುದಿಯಲ್ಲಿ ತಟ್ಟೆ ನನಗೆ. ನಾಲ್ಕು ದಿನ ಒಪ್ಪಂದ ಊರ್ಜಿತವಾಗಿತ್ತು. ನಾಲ್ಕು ದಿನ ನಾನು ಆಕಾಶ ನೋಡಿಕೊಂಡು ತಿಂಡಿ ತಿಂದೆ. ಐದನೆಯ ದಿನ ಅವು ತಮ್ಮ ಪಾಲು ಮುಗಿಸಿ, ಸಾಲಾಗಿ ಕಲ್ಲಿನ ಮೇಲೆ ನಡೆದುಕೊಂಡೇ ನನ್ನ ಪಾಲಿಗೆ ಬಂದವು. ಹಾರುವ ಶ್ರಮವನ್ನೂ ಪಡಲಿಲ್ಲ. ಬೀಜ ಇಡುವುದನ್ನು ನಿಲ್ಲಿಸೋಣವೆಂದರೆ ಎಂಟಕ್ಕೆ ಐದು ನಿಮಿಷ ತಡವಾದರೂ ಅಡುಗೆಮನೆ ಕಿಟಕಿಯ ಸರಳಿಗೆ ಬಂದು ಕಿರುಚುತ್ತಿದ್ದವು. ಹೀಗಾಗಿ ಬೀಜವೂ ಹೋಗುತ್ತಿತ್ತು, ತಿಂಡಿಯೂ ಹೋಗುತ್ತಿತ್ತು. ಆ ಕಲ್ಲಿನ ಮೇಲೆ ಮನುಷ್ಯ ಊಟ ಹರಡಿಕೊಂಡು ಕೂತನೆಂದರೆ ಅದು ತಮ್ಮದೇ ಎಂಬ ಪಾಠವನ್ನು ನಾನೇ ಹೇಳಿಕೊಟ್ಟಂತಾಯಿತು. ನನ್ನ ವೃತ್ತಿಜೀವನದಲ್ಲಿ ಇಷ್ಟು ಚೆನ್ನಾಗಿ ಮನದಟ್ಟಾದ ಪಾಠ ಇನ್ನೊಂದಿಲ್ಲ.

ಇದೆಲ್ಲ ನನ್ನ ಮನೆಯೊಳಗಿನ ಅವಮಾನವಾಗಿಯೇ ಉಳಿಯಬಹುದಿತ್ತು, ಮಹಾಲಯ ಅಮಾವಾಸ್ಯೆ ಬಾರದಿದ್ದರೆ.

ಹಿರಿಯರ ಹಬ್ಬವಾದ ಆ ದಿನದ ನಮ್ಮ ಮನೆಯ ಪದ್ಧತಿ ಹೇಳಬೇಕು. ನಮ್ಮಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ರೂಢಿ. ಅಪ್ಪ ಮಲಗಿರುವುದು ಆ ಹೊಂಗೆಮರದಿಂದ ಹತ್ತು ಹೆಜ್ಜೆಯಲ್ಲಿ. ಬೇರೆಯವರು ಮನೆಯೊಳಗೆ ಎಡೆ ಇಟ್ಟು, ಒಂದು ತುತ್ತನ್ನು ಮಾಳಿಗೆ ಮೇಲೆ ಕಾಗೆಗೆ ಇಡುತ್ತಾರೆ. ನಾವು ಅಪ್ಪನ ಎಲೆಯನ್ನು ಚಪ್ಪಡಿಯ ತುದಿಯಲ್ಲಿ ಹಾಕಿ, ಅದೇ ಸಾಲಿನಲ್ಲಿ ನಮ್ಮ ಎಲೆಗಳನ್ನೂ ಹಾಕಿಕೊಂಡು ಕಾಯುತ್ತೇವೆ. ಕಾಗೆ ಬಂದು ಅಪ್ಪನ ಎಲೆ ಮುಟ್ಟಿದರೆ ಅಪ್ಪ ಉಂಡ ಹಾಗೆ. ಆಮೇಲೆ ಅಲ್ಲೇ, ಅವನ ಪಂಕ್ತಿಯಲ್ಲೇ ನಮ್ಮ ಊಟ. ಕಾಗೆ ಮುಟ್ಟುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ನಾನು ಇಂಥವನ್ನು ಪೂರ್ತಿ ನಂಬುವವನಲ್ಲ, ಪೂರ್ತಿ ಬಿಟ್ಟವನೂ ಅಲ್ಲ. ಆದರೆ ನಮ್ಮಕ್ಕ ನಂಬುವವಳು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಕೊಟ್ಟಿರುವುದು ಚಿಕ್ಕರಸಿನಕೆರೆಗೆ. ಪ್ರತಿವರ್ಷ ಎಡೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ, ಮದ್ದೂರಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಮಳವಳ್ಳಿಗೆ ಬರುತ್ತಾಳೆ. ಅವಳಿಗೆ ಸಕ್ಕರೆ ಕಾಯಿಲೆ. ಈ ಸಲ ಬಂದವಳು ಚೀಲ ಇಳಿಸುತ್ತಲೇ, ಬೆಳಿಗ್ಗೆ ಏಳಕ್ಕೆ ಸಕ್ಕರೆ ಮಾತ್ರೆ ನುಂಗಿದ್ದೇನೆ, ತಿಂಡಿ ತಿಂದಿಲ್ಲ ಎಂದಳು.

ನನ್ನ ಹೆಂಡತಿ ಗಾಬರಿಯಾದಳು. ತನ್ನಮ್ಮನ ಸಕ್ಕರೆ ಕಾಯಿಲೆಯನ್ನು ಇಪ್ಪತ್ತು ವರ್ಷ ನೋಡಿಕೊಂಡವಳು ಅವಳು. "ಮಾತ್ರೆ ತಗೊಂಡು ಉಪವಾಸ ಇರಬಾರದು ಅತ್ಗೆ. ಸಕ್ಕರೆ ಇಳಿದೋಗತ್ತೆ, ಬಿದ್ದೋಗ್ತೀರ."

"ಮಾತ್ರೆ ಬುಡಬ್ಯಾಡ ಅಂತ ಡಾಕ್ಟ್ರು ಯೋಳವ್ರೆ, ಬುಡ್ಲಿಲ್ಲ. ಇರೇರಬ್ಬದಲ್ಲಿ ಎಡೆಗೆ ಮುಂಚೆ ಉಣ್ಣಬ್ಯಾಡ ಅಂತ ನಮ್ಮವ್ವ ಯೋಳಿದ್ಲು, ಉಣ್ಣಲಿಲ್ಲ. ಇಬ್ಬರ ಮಾತೂ ನಡೆಸಿವ್ನಿ ಕಣಮ್ಮಿ" ಎಂದಳು ಅಕ್ಕ. "ಅನ್ನೆರಡು ಗಂಟೆಗೆ ಎಡೆ ಇಟ್ರೆ ಅನ್ನೆರಡೂ ಕಾಲ್ಗೆ ಉಂಡಾಯ್ತದೆ. ಅಪ್ಪಯ್ಯ ಯಾವತ್ತು ಊಟಕ್ಕೆ ತಡ ಮಾಡಿದ್ದ?"

ಅದು ನಿಜ. ಅಪ್ಪ ಎಂದೂ ತಡ ಮಾಡಿದವನಲ್ಲ. ಹಿಂದಿನ ವರ್ಷಗಳಲ್ಲೂ ಕಾಗೆ ಹತ್ತು ನಿಮಿಷದೊಳಗೆ ಬಂದಿತ್ತು.

ಹನ್ನೆರಡಕ್ಕೆ ಸರಿಯಾಗಿ ಎಡೆ ಇಟ್ಟೆವು. ಬಾಳೆಯೆಲೆಯ ತುಂಬ ಅಪ್ಪನಿಗೆ ಹಿಡಿಸುತ್ತಿದ್ದವೆಲ್ಲ ಇದ್ದವು. ಎರಡು ರಾಗಿಮುದ್ದೆ, ಕೋಳಿಸಾರು, ಅನ್ನ, ಅಕ್ಕ ಕರಿದು ತಂದಿದ್ದ ವಡೆ, ಕಜ್ಜಾಯ, ಬೇಯಿಸಿದ ಕಡಲೆಕಾಯಿ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಊದುಬತ್ತಿ ಹಚ್ಚಿ, ಕಾಯಿ ಒಡೆದು, ಮೂವರೂ ಹಿಂದೆ ಸರಿದು ನಿಂತೆವು. ಅಕ್ಕ ತಲೆಯ ಮೇಲೆ ಸೆರಗು ಹಾಕಿಕೊಂಡು, "ಕಾ, ಕಾ" ಎಂದು ಕರೆದಳು.

ಹನ್ನೊಂದು ಗಿಣಿಗಳೂ ಬಂದವು.

ನಾವು ಮೂವರೂ ಓಡಿ ಬರುವುದರೊಳಗೆ ಒಂದು ಕಜ್ಜಾಯದ ಮೇಲೆ ನಿಂತಿತ್ತು. ಎರಡು ವಡೆಯನ್ನು ಜಗ್ಗಾಡುತ್ತಿದ್ದವು. ಒಂದು ಬೀಡಿ ಕಟ್ಟಿನ ದಾರ ಬಿಚ್ಚಿ, ಒಂದೊಂದೇ ಬೀಡಿಯನ್ನು ಸೀಳಿ ಹೊಗೆಸೊಪ್ಪು ಉದುರಿಸುತ್ತಿತ್ತು, ಒಳಗೆ ಇನ್ನೇನೋ ಇದೆಯೆಂದು ಯಾರೋ ಹೇಳಿದ್ದರೆಂಬಂತೆ. ಕೋಳಿಸಾರನ್ನು ಮಾತ್ರ ಯಾವುದೂ ಮುಟ್ಟಲಿಲ್ಲ.

ಅಕ್ಕ ಕಲ್ಲಾಗಿ ನಿಂತಿದ್ದಳು. ಅವಳ ಕಳವಳ ಏನೆಂದು ನನಗೆ ಗೊತ್ತಿತ್ತು. ಲೋಕದಲ್ಲಿ ಎಷ್ಟೊಂದು ಹಕ್ಕಿಗಳಿವೆ. ಗೊರವಂಕ ಬಂದಿದ್ದರೆ, ಪಾರಿವಾಳ ಬಂದಿದ್ದರೆ ಅವಳು ಹುಶ್ ಎಂದು ಓಡಿಸಿ ಸುಮ್ಮನಾಗುತ್ತಿದ್ದಳು. ಆದರೆ ಅಪ್ಪ ಬದುಕಿದ್ದಷ್ಟು ಕಾಲ ಕಾದಾಡಿದ್ದು ಒಂದೇ ಜಾತಿಯ ಜೊತೆ, ಅದು ಗಿಣಿ. ಜೋಳ ಹಾಲುಗಾಳು ಕಟ್ಟಿತೆಂದರೆ ಅಪ್ಪ ಹೊಲದ ನಡುವೆ ಅಟ್ಟಣೆ ಕಟ್ಟಿ, ಕೈಯಲ್ಲಿ ಕವಣೆ ಹಿಡಿದು, ನಸುಕಿನಿಂದ ಹೊತ್ತು ಮುಳುಗುವ ತನಕ ಅದರ ಮೇಲೆ ನಿಂತು ಕೂಗುತ್ತಿದ್ದ. ಊಟವನ್ನು ಅಕ್ಕನೇ ಒಯ್ದು ಮೇಲಕ್ಕೆ ಕೊಡುತ್ತಿದ್ದಳು. ನಾನು ಒಂದನೆಯ ಕ್ಲಾಸಿನಲ್ಲಿ ಗಿಣಿಯ ಚಿತ್ರ ಬರೆದು ತಂದಾಗ, ಅದರ ಪಕ್ಕ ಕವಣೆಯನ್ನೂ ಬರೆಯುವ ತನಕ ಅಪ್ಪ ನನ್ನ ಸ್ಲೇಟನ್ನು ಹಿಂದಕ್ಕೆ ಕೊಟ್ಟಿರಲಿಲ್ಲ.

"ಒಂದ್ ತೆನೆ ಬುಟ್ಟವನಲ್ಲ ಇವ್ಕೆ" ಎಂದಳು ಅಕ್ಕ. "ಈಗ ಅವನ್ ಎಲೆಗೇ ಬಂದು ಕುಂತವೆ. ನೋಡ್ಕಂಡ್ ನಿಂತಿದೀಯಲ್ಲಾ, ಓಡ್ಸುಲಾ."

ಓಡಿಸಿದೆ. ಅವು ಮರದ ಕೊಂಬೆಗೆ ಹೋಗಿ ಕೂತವು. ಆ ಎಲೆ ಎಂಜಲಾಯಿತೆಂದು ಅಕ್ಕ ಅದನ್ನು ಎತ್ತಿ, ಹೊಸ ಎಲೆಗೆ ಮೊದಲಿನಂತೆ ಬಡಿಸಿದಳು. ನಾನು ಕೋಲು ಹಿಡಿದು ಪಕ್ಕದಲ್ಲಿ ಕಾವಲು ನಿಂತೆ. ಗಿಣಿಗಳು ಇಳಿಯಲಿಲ್ಲ. ಕಾಗೆಯೂ ಬರಲಿಲ್ಲ. ಕೋಲು ಹಿಡಿದವನು ಎಲೆಯ ಪಕ್ಕ ನಿಂತರೆ ಕಾಗೆ ಬರುವುದಿಲ್ಲ, ನಿಲ್ಲದಿದ್ದರೆ ಗಿಣಿ ಬರುತ್ತದೆ. ಹಸಿರು ಹಕ್ಕಿಗೆ ಮಾತ್ರ ಕಾಣಿಸಿ ಕಪ್ಪು ಹಕ್ಕಿಗೆ ಕಾಣಿಸದ ಕೋಲನ್ನು ಇನ್ನೂ ಯಾರೂ ಮಾಡಿಲ್ಲ. ಅರ್ಧ ಗಂಟೆ ನಿಂತೆ, ಅರ್ಧ ಗಂಟೆ ಅಡಗಿದೆ. ಅಡಗಿದ ಅರ್ಧ ಗಂಟೆಯಲ್ಲಿ ಎರಡನೆಯ ಎಲೆಯ ಕಡಲೆಕಾಯಿ, ವಡೆ ಖಾಲಿಯಾದವು. ಮೂರನೆಯ ಎಲೆ ಬಡಿಸುವ ತ್ರಾಣ ಅಕ್ಕನಿಗಿರಲಿಲ್ಲ.

ಕಾಗೆಗಳು ಎಲ್ಲಿ ಹೋಗಿದ್ದವೆಂಬುದೇನೂ ರಹಸ್ಯವಲ್ಲ. ಪಕ್ಕದ ಹೊಲದವನು ಬಾಡೂಟ ಮಾಡಿಸಿದ್ದ. ಅವನ ಶೀಟು ಮನೆಯ ಮೇಲೆ ಕಾಗೆಗಳು ಕೂತು ಶೀಟೇ ಕಾಣುತ್ತಿರಲಿಲ್ಲ. ಅವನೂ ನಾನೂ ಒಟ್ಟಿಗೆ ಗೋಲಿ ಆಡಿದವರು. ಆದ್ದರಿಂದ ನನ್ನನ್ನು ‘ಲಾ’ ಎನ್ನುತ್ತಾನೆ, ಮರ್ಯಾದೆಗೆ ‘ಮೇಷ್ಟ್ರೆ’ ಎಂದೂ ಸೇರಿಸುತ್ತಾನೆ.

"ಏನ್ಲಾ ಮೇಷ್ಟ್ರೆ, ನಿಮ್ಮಪ್ಪಯ್ಯ ಇನ್ನೂ ಬರ್ಲಿಲ್ವಾ?" ಎಂದು ಬದುವಿನಾಚೆಯಿಂದ ಕೂಗಿದ. "ನಮ್ ತಾತ ಆಗ್ಲೇ ಉಂಡು ಕೈ ತೊಳ್ಕೊಂಡೋಯ್ತು."

"ನಿನ್ ಶೀಟ್ ಮೇಲಿಂದ ಒಂದೆರಡನ್ನ ಈ ಕಡೆ ಓಡಿಸ್ಲಾ" ಎಂದೆ ನಾನು.

"ಅವೆಲ್ಲ ನಮ್ಮೋರು ಕಣ್ಲಾ. ಉಂಡ್ ಮನೇಲಿ ಕುಂತವ್ರೆ. ಓಗಿ ಅನ್ನಾಕಾಯ್ತದಾ?" ಎಂದು ನಕ್ಕು, ಆದರೂ ಪಾಪ, ಶೀಟಿಗೆ ಒಂದು ಕಲ್ಲು ಎಸೆದ. ಕಾಗೆಗಳು ಒಮ್ಮೆ ಎದ್ದು, ಒಂದು ಸುತ್ತು ಹಾಕಿ, ಅಲ್ಲೇ ಕೂತವು. ಹೊಟ್ಟೆ ತುಂಬಿದವರ ಹತ್ತಿರ ಯಾವ ಮಾತೂ ನಡೆಯುವುದಿಲ್ಲ.

ಒಂದೂವರೆಯಾಯಿತು. ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಹಣೆಯ ಮೇಲೆ ಬೆವರು. ಬಿಸಿಲು ಅಷ್ಟಿರಲಿಲ್ಲ. ನನ್ನ ಹೆಂಡತಿ ಒಂದು ಲೋಟದಲ್ಲಿ ಸಕ್ಕರೆನೀರು ಕದಡಿ ತಂದಳು.

"ಕಾಗೆ ಮುಟ್ಟೋಗಂಟ ತೊಟ್ಟು ನೀರೂ ಬುಡಾಕಿಲ್ಲ ಬಾಯ್ಗೆ" ಎಂದು ಅಕ್ಕ ಮುಖ ತಿರುಗಿಸಿದಳು.

"ಕೈ ನಡುಗ್ತಾ ಇದೆ ಅತ್ಗೆ ನಿಮಗೆ."

"ವಯಸ್ಸಾಗದೆ, ನಡುಗ್ತದೆ."

ಇದಕ್ಕೆ ಒಂದು ಅಧಿಕೃತ ತೀರ್ಪು ಬೇಕೆನ್ನಿಸಿತು ನನಗೆ. ಸರ್ಕಾರಿ ನೌಕರಿಯಲ್ಲಿದ್ದವನು, ಮೇಲಿನವರ ಆದೇಶವಿಲ್ಲದೆ ಕೈಕಾಲು ಆಡುವುದಿಲ್ಲ. ನಮ್ಮ ಗೃಹಪ್ರವೇಶ ಮಾಡಿಸಿದ್ದ ಮಳವಳ್ಳಿಯ ಪುರೋಹಿತರಿಗೆ ಫೋನು ಮಾಡಿದೆ. ಆಚೆ ಕಡೆಯಿಂದ ಮಂತ್ರದ ಸದ್ದು, ಪಾತ್ರೆಯ ಸದ್ದು.

"ಬೇಗ ಹೇಳಿ ಮೇಷ್ಟ್ರೇ, ಇವತ್ತು ನನಗೆ ಉಸಿರಾಡಕ್ಕೂ ಪುರುಸೊತ್ತಿಲ್ಲ" ಎಂದರು.

"ಎಡೆಗೆ ಕಾಗೆ ಬರ್ತಿಲ್ಲ ಸ್ವಾಮಿ. ಗಿಣಿ ಬರ್ತಿದೆ. ಗಿಣಿ ಮುಟ್ಟಿದ್ರೆ ನಡೆಯತ್ತಾ?"

"ಸಾಕಿದ ಗಿಣಿಯೋ, ಕಾಡು ಗಿಣಿಯೋ?"

ಈ ಪ್ರಶ್ನೆ ನನಗೆ ಇಷ್ಟವಾಗಲಿಲ್ಲ. "ಕಾಡಿನದೇ" ಎಂದೆ.

"ಶಾಸ್ತ್ರದಲ್ಲಿ ಕಾಗೆ ಅಂತ ಇದೆ. ಗಿಣಿ ಕೂಡದು ಅಂತ ಎಲ್ಲೂ ಇಲ್ಲ."

"ಅಂದ್ರೆ ಆಗತ್ತೆ ಅಂತ ತಾನೆ?"

"ಆಗತ್ತೆ ಅಂತಾನೂ ಎಲ್ಲೂ ಇಲ್ಲ" ಎಂದು ಫೋನಿಟ್ಟರು.

ತೀರ್ಪನ್ನು ಅಕ್ಕನಿಗೆ ತಿಳಿಸಿದೆ, ಎರಡನೆಯ ಭಾಗವನ್ನು ಬಿಟ್ಟು. ಅವಳು ಕೇಳಿಸಿಕೊಂಡಳು. "ಅಯ್ನೋರ ಅಪ್ಪನ ಜೋಳ ಗಿಣಿ ತಿಂದಿರ್ಲಿಲ್ಲ. ಅವರು ಯೋಳ್ತಾರೆ" ಎಂದಳು.

"ಹಾಗಾದ್ರೆ ಹಸುಗಾದ್ರೂ ಕೊಡೋಣ. ನಮ್ಮ ಕಡೆ ಹಂಗೂ ಮಾಡ್ತಾರೆ" ಎಂದಳು ನನ್ನ ಹೆಂಡತಿ. ಅವಳ ತವರು ಮಂಡ್ಯ.

"ಕೋಳಿಸಾರಿನ ಎಲೇನಾ ಅಸಾ ಮುಂದೆ ಇಡ್ತೀಯಾ? ಮಂಡ್ಯದಲ್ಲಿ ಇಡ್ತಾರೇನೋ."

ಎರಡೂವರೆ ಗಂಟೆ. ಅಕ್ಕನ ಮಾತು ನಿಧಾನವಾಗುತ್ತಿತ್ತು. ನಾನು ಮನುಷ್ಯರು ತಲತಲಾಂತರದಿಂದ ಧರ್ಮಸಂಕಟಕ್ಕೆ ಕಂಡುಕೊಂಡಿರುವ ಪರಿಹಾರಕ್ಕೆ ಕೈ ಹಾಕಿದೆ. "ಅಕ್ಕ, ಒಳಗೋಗಿ ಮುಖ ತೊಳ್ಕೊಂಡ್ ಬಾ, ನಾನ್ ಇಲ್ಲಿರ್ತೀನಿ" ಎಂದೆ. ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಂದಳು.

"ಬಂದಿತ್ತು ಕಣಕ್ಕ" ಎಂದೆ.

"ಯಾವ್ದು?"

"ಕಾಗೆ. ಮುಟ್ಟಿ ಓಯ್ತು. ಬಾ, ಉಣ್ಣೋಣ."

ಅಕ್ಕ ಎಲೆಯ ಹತ್ತಿರ ಬಂದು ಬಗ್ಗಿದಳು. ದೃಷ್ಟಿ ಮಂಜಾಗಿದ್ದರೂ ತಾನು ಬಡಿಸಿದ್ದರ ಲೆಕ್ಕ ಅವಳಿಗೆ ತಪ್ಪುವುದಿಲ್ಲ. "ಕಾಲು ಒಂದು, ಎದೆ ಒಂದು, ಕತ್ತು ಒಂದು. ಮೂರೂ ಅಂಗೇ ಅವೆ. ವಡೆ ಮಾತ್ರ ಇಲ್ಲ. ಕೋಳಿ ಬುಟ್ಟು ವಡೆ ಕಚ್ಕಂಡೋಗೋ ಕಾಗೆ ಯಾವ್ದುಲಾ ಅದು?" ನಾನು ಕಲ್ಲಿನ ಅಂಚಿಗೆ ಕೂತೆ. "ಅಷ್ಟ್ ವರ್ಸ ಮೇಷ್ಟ್ರಾಗಿದ್ದಂತೆ. ಒಂದ್ ಸುಳ್ಳು ನೆಟ್ಟಗೆ ಯೋಳಾಕೆ ಬರಾಕಿಲ್ಲ."

ಅವಳು ಇದನ್ನು ಹೇಳುತ್ತಿರುವಾಗಲೇ, ನನ್ನ ಗ್ರಹಚಾರ, ಗಿಣಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಕೊಂಬೆಯಿಂದಿಳಿದು ನೇರವಾಗಿ ನನ್ನ ಮೊಣಕಾಲ ಮೇಲೆ ಕೂತಿತು. ಎಲೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ನನ್ನ ಶರಟಿನ ಜೇಬಿಗೆ ಕೊಕ್ಕು ಹಾಕಿ ಎಳೆಯಿತು. ದಿನಾ ನಾನು ಬೀಜ ತೆಗೆದು ಇಡುವುದು ಆ ಜೇಬಿನಿಂದಲೇ.

ಅಕ್ಕ ಗಿಣಿಯನ್ನು ನೋಡಿದಳು, ಜೇಬನ್ನು ನೋಡಿದಳು, ನನ್ನನ್ನು ನೋಡಿದಳು.

"ನಿನ್ ಗುರ್ತು ಐತೆ ಅದ್ಕೆ" ಎಂದಳು.

"ಹಕ್ಕಿಗೇನ್ ಗುರ್ತು ಅಕ್ಕ, ಸುಮ್ನೆ ಬಂದಿರ್ಬೇಕು" ಎಂದೆ.

ನನ್ನ ಹೆಂಡತಿಗೆ ಸಾಕಾಗಿಹೋಗಿತ್ತು. "ದಿನಾ ಎಂಟು ಗಂಟೆಗೆ ಒಂದು ಹಿಡಿ ಕಡ್ಲೆಬೀಜ ಇಡ್ತಾರೆ ಅತ್ಗೆ. ಇದೇ ಕಲ್ಲಿನ ಮೇಲೆ. ಆರು ತಿಂಗಳಾಯ್ತು."

ಮೂವತ್ತಮೂರು ವರ್ಷ ನಾನು ತಪ್ಪು ಮಾಡಿದ ಹುಡುಗರನ್ನು ನಿಲ್ಲಿಸಿ ವಿಚಾರಣೆ ಮಾಡಿದ್ದೇನೆ. ನಿಂತ ಹುಡುಗನಿಗೆ ಹೇಗಿರುತ್ತದೆ ಎಂಬುದು ಅರುವತ್ತಮೂರನೆಯ ವಯಸ್ಸಿನಲ್ಲಿ, ಮೊಣಕಾಲ ಮೇಲೆ ಗಿಣಿ ಕೂತಿರುವಾಗ ತಿಳಿಯಿತು. ಒಪ್ಪಂದದ ಹಿನ್ನೆಲೆ, ಅದಕ್ಕೆ ಮುಂಚಿನ ಸೀಡಿ ಮತ್ತು ಬೆದರುಬೊಂಬೆಯ ಪ್ರಯತ್ನಗಳು, ನಾನು ಅನುಭವಿಸಿದ ನಷ್ಟ, ಎಲ್ಲವನ್ನೂ ವಿವರಿಸತೊಡಗಿದೆ. ಅಕ್ಕ ಕೈ ಎತ್ತಿ ನಿಲ್ಲಿಸಿದಳು.

"ಅಪ್ಪಯ್ಯ ಮಲಗಿರೋ ಹೊಲ. ಹತ್ ಹೆಜ್ಜೇಲಿ ಅವ್ನೆ ಅವನು. ಕೇಳುಸ್ಕಂಡಿರ್ತಾನೆ ದಿನಾ, ಇವು ಕಿರುಚೋದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಅದ್ಕೇ ಬಂದಿಲ್ಲ. ಕ್ವಾಪ ಮಾಡ್ಕಂಡವ್ನೆ. ಬರೋಗಂಟ ನಾನೂ ಏಳಾಕಿಲ್ಲ."

ಹೋಗಿ ಅಪ್ಪನ ಸಮಾಧಿಯ ಪಕ್ಕದ ಮಣ್ಣಿನ ಮೇಲೆ ಕೂತುಬಿಟ್ಟಳು. ಕೂತದ್ದಲ್ಲ, ಕುಸಿದದ್ದು. ನಾನು ಮತ್ತೆ ಬದುವಿನ ಹತ್ತಿರ ಓಡಿ ಶೀಟಿನ ಮೇಲಿನ ಕಾಗೆಗಳಿಗೆ ಕಲ್ಲೆಸೆದೆ. ಒಂದು ಕಲ್ಲು ಪಕ್ಕದವನ ನೀರಿನ ಡ್ರಮ್ಮಿಗೆ ಬಿತ್ತು. "ಲೇ, ತಲೆ ಕೆಟ್ಟೈತೇನ್ಲಾ?" ಎಂಬ ಮಾತು ಬಂತು. ಈ ಸಲ ಮೇಷ್ಟ್ರೆ ಎಂದು ಸೇರಿಸಲಿಲ್ಲ. ಮಳವಳ್ಳಿಯಿಂದ ಆಟೋ ಕರೆಸಿ ಅಕ್ಕನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕೇ ಎಂದು ಹೆಂಡತಿಯನ್ನು ಕೇಳಲು ತಿರುಗಿದೆ.

ಅವಳು ಚಪ್ಪಡಿ ಕಲ್ಲಿನ ಸಾಲಿನಲ್ಲಿ, ಅಪ್ಪನ ಎಲೆಯಿಂದ ಎರಡನೆಯ ಎಲೆಯ ಮುಂದೆ ಕೂತಿದ್ದಳು. ತನಗೆ ತಾನೇ ಒಂದು ಮುದ್ದೆ ಹಾಕಿಕೊಂಡಿದ್ದಳು. ಸೌಟಿನಲ್ಲಿ ಸಾರು ಬಿಟ್ಟುಕೊಂಡಳು. ನಾನು ಏನು ಎನ್ನುವುದರೊಳಗೆ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ನುಂಗಿದಳು. ಇನ್ನೊಂದು ಮುರಿದಳು.

ನಮ್ಮ ಮನೆಯಲ್ಲಿ ಕಾಗೆ ಮುಟ್ಟುವ ಮೊದಲು ಎಡೆಯ ದಿನ ಯಾರೂ ಉಂಡದ್ದಿಲ್ಲ. ನಾನು ಮಗುವಾಗಿದ್ದಾಗ ಕೂಡ ಹಸಿವಿಗೆ ಅತ್ತು ಮಲಗಿದ್ದೇನೆಯೇ ಹೊರತು ಉಂಡಿಲ್ಲ. ಸೊಸೆ, ಅದೂ ಮಾವನ ಪಂಕ್ತಿಯಲ್ಲಿ, ಮಾವ ಉಣ್ಣುವ ಮೊದಲು. ಅಕ್ಕ ಕೂತಲ್ಲಿಂದಲೇ ತಲೆ ಎತ್ತಿ ನೋಡುತ್ತಿದ್ದಳು.

"ನಾನು ಉಂಡಾಯ್ತು ಅತ್ಗೆ" ಎಂದಳು ನನ್ನ ಹೆಂಡತಿ, ಬಾಯಲ್ಲಿದ್ದದ್ದನ್ನು ನುಂಗಿಕೊಂಡು. "ಕೆಡೋದಿದ್ರೆ ನನ್ನಿಂದ ಕೆಟ್ಟಾಯ್ತು. ಮಾವ ಬೈಯೋದಿದ್ರೆ ನನ್ನ ಬೈಲಿ, ನಾನು ಕೇಳಿಸ್ಕೊತೀನಿ. ನೀವು ಯಾರಿಗೆ ಅಂತ ಕಾಯ್ತೀರ ಇನ್ನು?"

ನನ್ನ ಹೆಂಡತಿ ಮೂರನೆಯ ತುತ್ತು ನುಂಗಿದಳು. ಅವಳಿಗೆ ಹಸಿವಾಗಿತ್ತೆಂದು ನನಗನ್ನಿಸುವುದಿಲ್ಲ. ಮೂರು ಗಂಟೆ ಕಾಲ ಆರಿದ ಮುದ್ದೆ ಗಂಟಲಲ್ಲಿ ಇಳಿಯುವುದು ಕಷ್ಟ, ಇಳಿಯುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಕೊಂಬೆಯಿಂದ ಎರಡು ಗಿಣಿ ಇಳಿದು ಅವಳ ಎಲೆಯಂಚಿಗೆ ಬಂದವು. ಎಡಗೈಯಲ್ಲಿ ಸೌಟು ತೆಗೆದುಕೊಂಡು, ನೋಡದೆಯೇ ಒಂದು ಬೀಸಿದಳು. ಎರಡೂ ಎದ್ದುಹೋದವು. ಆರು ತಿಂಗಳಲ್ಲಿ ನನಗೆ ಹೊಳೆಯದ ಉಪಾಯ.

"ಸಾರು ಎಂಗೈತೆ?" ಎಂದಳು ಅಕ್ಕ.

"ಉಪ್ಪು ಒಂಚೂರು ಕಮ್ಮಿ."

"ಒಲೆ ಮ್ಯಾಲಿರೋವಾಗ್ಲೇ ಯೋಳಿದ್ನಲ್ಲ ನಿಂಗೆ."

"ಹೇಳಿದ್ರಿ."

"ಕೇಳಲಿಲ್ಲ ನೀನು."

"ಕೇಳಲಿಲ್ಲ" ಎಂದು ಒಪ್ಪಿಕೊಂಡಳು ನನ್ನ ಹೆಂಡತಿ.

ಅಕ್ಕ ಸಮಾಧಿಯ ಮೇಲೆ ಕೈ ಊರಿ ಏಳಲು ನೋಡಿದಳು. ಏಳಲಾಗಲಿಲ್ಲ. ನಾನು ಹೋಗಿ ಎಬ್ಬಿಸಿ, ಕಲ್ಲಿನ ತನಕ ಹಿಡಿದುಕೊಂಡು ಬಂದೆ. ಬರುವಾಗ ಅವಳು ಸಮಾಧಿಯ ಕಡೆ ತಿರುಗಿ ಏನೋ ಅಂದಳು, ನನಗೆ ಕೇಳಿಸಲಿಲ್ಲ. ನನ್ನ ಮೇಲಿನ ದೂರೇ ಇರಬೇಕು. ಕೂತ ಮೇಲೆ ಮೊದಲು ಸಕ್ಕರೆನೀರಿನ ಲೋಟಕ್ಕೆ ತಾನಾಗಿಯೇ ಕೈ ಚಾಚಿದಳು. ಲೋಟವನ್ನು ನನ್ನ ಹೆಂಡತಿ ಹಿಡಿದುಕೊಂಡು ಕುಡಿಸಿದಳು. ಆಮೇಲೆ ಎಲೆಯ ತುದಿಗೆ ಒಂದಿಷ್ಟು ಉಪ್ಪು ಹಾಕಿಸಿಕೊಂಡಳು.

ಅಕ್ಕ ಮೂರು ಗಂಟೆ ಹತ್ತು ನಿಮಿಷಕ್ಕೆ ಊಟಕ್ಕೆ ಕೂತು ಒಂದೂವರೆ ಮುದ್ದೆ ಉಂಡಳು. ಕಾಗೆ ಬರಲಿಲ್ಲ.